ಹಗ್ಗದಾಚೆಯ ಬೀಸೋಕಲ್ಲು

ಕಳೆದ ವರ್ಷ ಅಜ್ಜಿಯನ್ನು ಒಂದು ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ಬೀಸೋಕಲ್ಲು ಕಂಡದ್ದೇ ತಡ, ಅಡ್ಡ ಕಟ್ಟಿದ್ದ ಹಗ್ಗದ ಮೇಲಿಂದ ಬಾಗಿ ಅದರ ಗೂಟಕ್ಕೆ ಕೈ ಹಾಕಿದಳು. "ಅಮ್ಮಾ, ಮುಟ್ಬೇಡಿ!" ಎಂದು ಕಾವಲಿನವರು ಕೂಗಿದರು. ಅಜ್ಜಿ ಕೈ ಹಿಂದೆಗೆದುಕೊಂಡು ನನ್ನನ್ನು ಕೇಳಿದಳು: "ಅಲ್ಲ ಕಣವ್ವ, ಮುಟ್ಟಿದ್ರೆ ಸವ್ದೋಯ್ತದಾ ಇದು?"

ಹತ್ತು ಹೆಜ್ಜೆ ಆಚೆ ಒಂದು ಟಚ್ ಸ್ಕ್ರೀನ್ ಇತ್ತು. ಬೆರಳಾಡಿಸಿದರೆ ಚಿತ್ರದೊಳಗಿನ ಕಲ್ಲು ತಿರುಗುತ್ತಿತ್ತು. ಮಕ್ಕಳು ಅಲ್ಲಿ ಮುಗಿಬಿದ್ದಿದ್ದರು. ಬೀಸಲು ಬಲ್ಲವಳು ಹಗ್ಗದ ಈಚೆ ನಿಂತಿದ್ದಳು.

ಸಂಗ್ರಹಾಲಯದ ಕಷ್ಟ ನನಗೆ ಅರ್ಥವಾಗುತ್ತದೆ. ತಾಳೆಗರಿಯನ್ನೋ ಹಳೆಯ ಸೀರೆಯನ್ನೋ ಬಂದವರೆಲ್ಲ ಮುಟ್ಟಿದರೆ ಉಳಿಯುವುದಿಲ್ಲ. ಆದರೆ ಹಳೆಯ ಕಲ್ಲಿನ ಪಕ್ಕದಲ್ಲೇ ಹೊಸದೊಂದನ್ನು ಇಟ್ಟು, ಒಂದು ಮೊರದಲ್ಲಿ ರಾಗಿ ಇಡಬಹುದಲ್ಲ? ಅದಕ್ಕೆ ಕರೆಂಟು ಬೇಡ. ಸವೆದರೆ ಉಳಿಯಿಂದ ಮತ್ತೆ ಒರಟು ಮಾಡಿಸಿದರಾಯಿತು. ಮುಟ್ಟಿ, ಮಾಡಿ ನೋಡುವ ಇಂಥ ವಿಚಾರ ಹೊಸದೇನಲ್ಲ. ಫ್ರಾಂಕ್ ಓಪನ್‌ಹೈಮರ್ 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಕ್ಸ್‌ಪ್ಲೊರೇಟೋರಿಯಂ ಕಟ್ಟಿದ್ದೇ ಇದರ ಮೇಲೆ. ನಮ್ಮ ಬೆಂಗಳೂರಿನ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್‌ನ ಅಂಗಳದಲ್ಲೂ ಬಂದವರೇ ಬಡಿದು ನುಡಿಸುವ ವಾದ್ಯಗಳಿವೆ.

ಇದರಲ್ಲಿ ನನ್ನ ಸ್ವಾರ್ಥವೂ ಇದೆ. ನನ್ನ ಪಿಎಚ್.ಡಿ. ವಿಷಯ ಬೀಸೋ ಪದಗಳು. ಎರಡು ವರ್ಷ ಗ್ರಂಥಾಲಯದಲ್ಲಿ ಕೂತು ತ್ರಿಪದಿಗಳ ಗಣ ಎಣಿಸಿದ್ದೆ. ಅವತ್ತು ಊರಿಗೆ ಮರಳಿದ ಮೇಲೆ ಅಜ್ಜಿ ಹಿತ್ತಲಲ್ಲಿ ಬಿದ್ದಿದ್ದ ಕಲ್ಲು ತೊಳೆದು, ಒಣಗಿಸಿ, ನನ್ನನ್ನು ಎದುರಿಗೆ ಕೂರಿಸಿಕೊಂಡಳು. ಒಂದೇ ಗೂಟಕ್ಕೆ ಇಬ್ಬರ ಕೈ. ಮೇಲಿನ ಕಲ್ಲಿನ ಬಾಯಿಗೆ ಹಿಡಿಹಿಡಿಯಾಗಿ ರಾಗಿ ಹಾಕುತ್ತ ಅವಳು ಹಾಡಿದಳು. ಹತ್ತು ನಿಮಿಷಕ್ಕೆ ನನ್ನ ತೋಳು ಸೋತಿತು. ಆಮೇಲೆ ಸಾಲನ್ನು ಎರಡನೆಯ ಸಲ ಹೇಳುವಾಗಲೇ ನನಗೆ ಉಸಿರು ಸಿಗುತ್ತಿತ್ತು. ನನ್ನ ಅಧ್ಯಾಯದಲ್ಲಿ 'ಪುನರಾವರ್ತನೆ' ಎಂದು ಬರೆದು ಮುಂದೆ ಹೋಗಿದ್ದ ಜಾಗ ಅದು.

ಆದರೂ ಒಂದು ಹೆದರಿಕೆ ಇದೆ. ಕಲ್ಲನ್ನು ಎರಡು ಸುತ್ತು ತಿರುಗಿಸಿ, ಫೋಟೊ ತೆಗೆಸಿಕೊಂಡು, "ಎಷ್ಟು ಚೆಂದ ಆಗಿನ ಕಾಲ" ಎಂದು ಹೊರಟರೆ, ಅದು ಟಚ್ ಸ್ಕ್ರೀನಿಗಿಂತ ದೊಡ್ಡ ಸುಳ್ಳು. ಮಾರನೆಯ ದಿನ ತೋಳು ನೋವು ಅಂದಾಗ ಅಜ್ಜಿ ನಕ್ಕಳು: "ನಾವು ಕೋಳಿ ಕೂಗೋಕ್ ಮುಂಚೆ ಎದ್ದು ಕೂರ್ತಿದ್ವಿ. ಬಸುರಿ ಆದ್ರೂ ಬೀಸ್ಬೇಕಿತ್ತು." ಅವಳ ಈ ಮಾತು ಯಾವ ಫಲಕದ ಮೇಲೂ ಇರಲಿಲ್ಲ.

ಹಾಗಾಗಿ ನನ್ನ ಬೇಡಿಕೆ ಇಷ್ಟು: ಬಂದವರು ಒಂದು ಮುದ್ದೆಗಾಗುವಷ್ಟು ರಾಗಿಯನ್ನಾದರೂ ಬೀಸಲಿ. ಎದುರಿಗೆ, ಕೂಲಿ ಕೊಟ್ಟು, ಬೀಸಿ ಬಲ್ಲ ಒಬ್ಬ ಹೆಂಗಸನ್ನು ಕೂರಿಸಲಿ. ತೋಳು ಸೋತ ಮೇಲೆ ಅವಳನ್ನು ಮಾತಾಡಿಸಲಿ.