ಬಿಸಿಲಿಗೆ ಬೊಟ್ಟಿನಷ್ಟು ಸಾಲದು

ಹಂಪಾಪುರ ಸೀಮೆಯ ಹೊಲಗಳಲ್ಲಿ ಕಳೆ ಕೀಳುವ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿರುತ್ತಾರೆ. ಅದೇ ಮನೆಯ ಮಗಳು ಬೆಳಿಗ್ಗೆ ಕಾಲೇಜಿನ ಬಸ್ಸಿಗೆ ಹೊರಡುವಾಗ ಬೊಟ್ಟಿನಷ್ಟು ಸನ್‌ಸ್ಕ್ರೀನ್ ಸವರಿಕೊಳ್ಳುತ್ತಾಳೆ. ಈ ರೀತಿ ಹಚ್ಚುವುದಾದರೆ ಬಿಸಿಲನ್ನು ಹೆಚ್ಚು ತಡೆಯುವುದು ಅಮ್ಮನ ಅಂಗಿಯೇ.

ಇಲ್ಲಿ ಸೋಲುತ್ತಿರುವುದು ಸನ್‌ಸ್ಕ್ರೀನ್ ಅಲ್ಲ, ಅಳತೆ. ಸನ್‌ಸ್ಕ್ರೀನ್ ಬಿಸಿಲನ್ನು ಎಷ್ಟು ತಡೆಯುತ್ತದೆಂದು ಹೇಳುವ ಅಂಕಿ ಎಸ್‌ಪಿಎಫ್. ಅದರ ಪರೀಕ್ಷೆಯಲ್ಲಿ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿರುತ್ತಾರೆ. ಜನ ಸಾಮಾನ್ಯವಾಗಿ ಹಚ್ಚುವುದು ಅದರ ಕಾಲು ಭಾಗದಿಂದ ಅರ್ಧ ಭಾಗ. ಟ್ಯೂಬಿನ ಮೇಲಿನ 50 ಆಗ ಮುಖದ ಮೇಲೆ 50 ಆಗಿ ಉಳಿಯುವುದಿಲ್ಲ. ಸರಿಯಾಗಿ ಹಚ್ಚಿದರೆ 30 ಎಸ್‌ಪಿಎಫ್ ಶೇ. 97ರಷ್ಟು, 50 ಶೇ. 98ರಷ್ಟು ಯುವಿ-ಬಿ ಕಿರಣ ತಡೆಯುತ್ತದೆ. ದೊಡ್ಡ ಅಂಕಿಗೆ ದುಡ್ಡು ಸುರಿಯುವುದಕ್ಕಿಂತ 30ನ್ನೇ ಧಾರಾಳವಾಗಿ ಹಚ್ಚುವುದು ಮೇಲು.

ತೋರುಬೆರಳು, ನಡುಬೆರಳುಗಳ ಉದ್ದಕ್ಕೆ ಒಂದೊಂದು ಗೆರೆ ಹಿಂಡಿದರೆ ಮುಖ, ಕತ್ತಿಗೆ ಆಗುತ್ತದೆ. ಕಿವಿ, ಮುಂಗೈಗೆ ಬೇರೆ ಬೇಕು. ಹೊರಡುವ 15-20 ನಿಮಿಷ ಮೊದಲೇ ಹಚ್ಚಬೇಕು. ಹೊರಗೇ ಇದ್ದರೆ ಎರಡು ಗಂಟೆಗೊಮ್ಮೆ, ಬೆವರು ಒರೆಸಿಕೊಂಡ ಮೇಲಂತೂ ಮತ್ತೆ ಹಚ್ಚಲೇಬೇಕು. ಮೋಡ ಕವಿದಿದೆಯೆಂದು ಬಿಡುವಂತಿಲ್ಲ. ಕೆನ್ನೆಯ ಮೇಲೆ ಬಂಗು ಇರುವವರಿಗೆ ಕಣ್ಣಿಗೆ ಕಾಣುವ ಬೆಳಕೂ ಕೇಡು; ಐರನ್ ಆಕ್ಸೈಡ್ ಇರುವ, ಕಂದು ಛಾಯೆಯ ಸನ್‌ಸ್ಕ್ರೀನ್ ಅವರಿಗೆ ಒಳ್ಳೆಯದು.

ಇದೆಲ್ಲ ಸರಿ, ಆದರೆ ಹೊಗೆಸೊಪ್ಪಿನ ಹೊಲದಲ್ಲಿ ದಿನವಿಡೀ ಬಗ್ಗಿದವರಿಗೆ ಎಷ್ಟು ನಡೆದೀತು? ಮುಖ, ಕತ್ತಿಗೆ ಸಲಕ್ಕೆ ಒಂದು ಗ್ರಾಮಿನಂತೆ ದಿನಕ್ಕೆ ಮೂರು ಸಲ ಹಚ್ಚಿದರೂ 50 ಗ್ರಾಮಿನ ಟ್ಯೂಬು ಹದಿನೇಳು ದಿನಕ್ಕೆ ಮುಗಿಯುತ್ತದೆ. ಕೂಲಿಯ ದುಡ್ಡಿಗೆ ಅದು ಹೊರೆ. ಮಣ್ಣಾದ ಕೈಯಲ್ಲಿ ಮತ್ತೆ ಹಚ್ಚುವುದೂ ಆಗದ ಮಾತು. ಅವರಿಗೆ ಮೊದಲು ಬೇಕಾದದ್ದು ಒತ್ತಾದ ಬಟ್ಟೆ, ಅಗಲ ಅಂಚಿನ ಟೋಪಿ, ನಡುಮಧ್ಯಾಹ್ನ ಮರದ ನೆರಳಲ್ಲಿ ಬಿಡುವು. ಸವೆದು ತೆಳ್ಳಗಾದ, ಬೆವರಿಗೆ ತೊಯ್ದ ಹತ್ತಿ ಅಂಗಿ ಅಷ್ಟಾಗಿ ತಡೆಯುವುದಿಲ್ಲ. ಬಟ್ಟೆ ಮುಚ್ಚದ ಕಡೆಗಷ್ಟೇ ಸನ್‌ಸ್ಕ್ರೀನ್ ಸಾಕು.

ನಮ್ಮ ಕಂದು ಚರ್ಮಕ್ಕೆ ಮೆಲನಿನ್ ಎಂಬ ಬಣ್ಣದ ಕಾವಲು ಒಂದಿಷ್ಟಿದೆ. ಹುಟ್ಟಿನಿಂದಲೇ ಆ ಬಣ್ಣವಿಲ್ಲದವರಿಗೆ ಬಿಸಿಲು ಚರ್ಮದ ಕ್ಯಾನ್ಸರ್ ತರಬಲ್ಲದು. ಅವರ ಪಾಲಿಗೆ ಸನ್‌ಸ್ಕ್ರೀನ್ ಔಷಧಿ. ಔಷಧಿಯಂತೆಯೇ ಸರ್ಕಾರಿ ಆಸ್ಪತ್ರೆಯಲ್ಲಿ, ಹಚ್ಚುವ ಅಳತೆಯನ್ನೂ ಹೇಳಿಕೊಟ್ಟು, ಉಚಿತವಾಗಿ ಕೊಡಬೇಕು.