ಕರುಳಿನ ಪೊರೆ: ಒಂದು ಪರಿಭಾಷೆಯ ವಿಮರ್ಶೆ

ಶಾಸ್ತ್ರಪದಗಳನ್ನು ಕನ್ನಡಕ್ಕೆ ತರುವ ವಿಚಾರವಾದ ಚರ್ಚೆ ನಮ್ಮ ಭಾಷೆಯಲ್ಲಿ ಹೊಸದಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದಾಗಲೇ ಅದು ಕಾರ್ಯರೂಪಕ್ಕೆ ಬಂದಿತು. ಮೈಸೂರು ವಿಶ್ವವಿದ್ಯಾನಿಲಯವು 1946ರಲ್ಲಿ ಪ್ರಕಟಿಸಿದ ಇಂಗ್ಲಿಷ್-ಕನ್ನಡ ನಿಘಂಟಿನಿಂದ ಅದಕ್ಕೊಂದು ನೆಲೆ ದೊರೆಯಿತು. ಆದರೆ ಆ ಚರ್ಚೆಯು ಬಹುಮಟ್ಟಿಗೆ ಸಂಸ್ಕೃತಪದವೋ ದೇಶ್ಯಪದವೋ ಎಂಬ ಒಂದೇ ಕವಲಿನಲ್ಲಿ ನಿಂತುಬಿಟ್ಟಿದೆ. ಮೂಲಭಾಷೆಯ ಹೆಸರೇ ವಸ್ತುವಿಗೆ ಹೊಂದದೆ ಇದ್ದ ಪಕ್ಷದಲ್ಲಿ ಅನುವಾದಕನು ಏನು ಮಾಡತಕ್ಕದ್ದು ಎಂಬ ಪ್ರಶ್ನೆ ಹಿಂದೆಯೇ ಉಳಿದಿದೆ. ‘ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್’ ಎಂಬ ಪ್ರೋಟೀನಿನ ಹೆಸರು ಇದಕ್ಕೆ ತಕ್ಕ ನಿದರ್ಶನ.

ಪದಕ್ಕೆ ಪದವಿಟ್ಟರೆ ಇದು ‘ಹೊರಚರ್ಮವೃದ್ಧಿಕಾರಕ’ ಎಂದಾಗುತ್ತದೆ. ವ್ಯಾಕರಣಕ್ಕೆ ಲೋಪವಿಲ್ಲ, ಅರ್ಥಕ್ಕೆ ಉಂಟು. ಅಮೆರಿಕದ ಸ್ಟ್ಯಾನ್ಲಿ ಕೋಹೆನ್ ಎಂಬ ವಿಜ್ಞಾನಿಯು ಇಲಿಯ ಜೊಲ್ಲುಗ್ರಂಥಿಯ ಸಾರವನ್ನು ಆಗತಾನೆ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿ ನೋಡಿದಾಗ, ಎರಡು ವಾರಕ್ಕೆ ತೆರೆಯತಕ್ಕ ಕಣ್ಣು ಒಂದು ವಾರಕ್ಕೇ ತೆರೆಯಿತು. ಹಲ್ಲೂ ಬೇಗ ಮೂಡಿತು. 1962ರಲ್ಲಿ ಆತನು ಆ ಪ್ರೋಟೀನನ್ನು ಬೇರ್ಪಡಿಸಿದ ವಿವರವನ್ನು ಪ್ರಕಟಿಸಿದನು. ರೆಪ್ಪೆಯ ಚರ್ಮದ ಬೆಳವಣಿಗೆಯಿಂದ ಗುರುತಿಗೆ ಬಂದುದರಿಂದ ಚರ್ಮದ ಹೆಸರೇ ಅದಕ್ಕೆ ಅಂಟಿಕೊಂಡಿತು. 1975ರಲ್ಲಿ, ಮನುಷ್ಯನ ಮೂತ್ರದಲ್ಲಿದ್ದು ಜಠರದ ಆಮ್ಲವನ್ನು ತಗ್ಗಿಸುವ ‘ಯುರೊಗ್ಯಾಸ್ಟ್ರೋನ್’ ಎಂಬ ವಸ್ತುವೂ ಇದೂ ಮೂಲತಃ ಒಂದೇ ಎಂಬುದು ತಿಳಿದುಬಂದಿತು. 1986ರಲ್ಲಿ ಕೋಹೆನನಿಗೆ ರೀಟಾ ಲೆವಿ-ಮೊಂಟಾಲ್ಚಿನಿಯೊಡನೆ ನೊಬೆಲ್ ಪಾರಿತೋಷಕವು ಬರುವ ಹೊತ್ತಿಗೆ ಇದರ ಕಸುಬು ಚರ್ಮಕ್ಕಿಂತ ಅನ್ನನಾಳದ ಕೆಳಗೆ ಹೆಚ್ಚೆಂಬ ಸಂಗತಿ ಬಲ್ಲವರಿಗೆ ಗೊತ್ತಿದ್ದಿತು. ಹೆಸರು ಮಾತ್ರ ಬದಲಾಗಲಿಲ್ಲ. ಪಿರಿಯಾಪಟ್ಟಣವು ಹಳಗನ್ನಡದ ಪಕಾರವನ್ನು ಇಂದಿಗೂ ಬಿಡದಿರುವಂತೆ, ಈ ಹೆಸರೂ ತನ್ನ ಹುಟ್ಟಿನ ಕಾಲವನ್ನು ಹೊತ್ತುಕೊಂಡೇ ಇದೆ. ಊರಿನ ಹೆಸರಿನಲ್ಲಿ ಅದು ಸೊಗಸು. ಪಾಠದ ಮಾತಿನಲ್ಲಿ ತೊಡಕು.

ಕರುಳಿನಲ್ಲಿ ಇದು ಮಾಡುವ ಕೆಲಸವನ್ನು ತುಸು ವಿಸ್ತಾರವಾಗಿ ನೋಡುವುದು ಅವಶ್ಯ. ಸಣ್ಣ ಕರುಳಿನ ಒಳಮೈ ನಾಲ್ಕೈದು ದಿನಗಳಿಗೊಮ್ಮೆ ಹೊಸದಾಗುತ್ತದೆ. ಬೆರಳಿನಂತೆ ಚಾಚಿದ ಏಣುಗಳ ಬುಡದಲ್ಲಿ ಸಣ್ಣ ಕುಳಿಗಳುಂಟು. ಅವುಗಳ ತಳದಲ್ಲಿರುವ ಆಕರಕೋಶಗಳು ಒಡೆದು ಒಡೆದು ಹೊಸ ಕೋಶಗಳನ್ನು ಮೇಲಕ್ಕೆ ತಳ್ಳುತ್ತವೆ. ಅವು ತುದಿಗೆ ಮುಟ್ಟಿ ಉದುರುತ್ತವೆ. (ಇವನ್ನೇ ‘ಕಾಂಡಕೋಶ’ವೆನ್ನುವುದೂ ಉಂಟು, ಅಲ್ಲಿಯೂ ಇಂಗ್ಲಿಷಿನ ಮರದ ಕಾಂಡ ಕನ್ನಡದಲ್ಲಿ ನಾಟಿಕೊಂಡಿದೆ.) ಈ ಒಡೆತಕ್ಕೆ ಪ್ರೇರಣೆ ಕೊಡುವವುಗಳಲ್ಲಿ ನಮ್ಮ ಪ್ರೋಟೀನು ಒಂದು. 2009ರಲ್ಲಿ ಹಾಲೆಂಡಿನ ಹ್ಯಾನ್ಸ್ ಕ್ಲೆವರ್ಸನ ಪ್ರಯೋಗಶಾಲೆಯಲ್ಲಿ ಇಲಿಯ ಒಂದೇ ಆಕರಕೋಶದಿಂದ ಗಾಜಿನ ತಟ್ಟೆಯಲ್ಲಿ ಪುಟ್ಟ ಕರುಳನ್ನು ಬೆಳೆಸಿದಾಗ, ಅದಕ್ಕೆ ಉಣಿಸಿದ ಮೂರು ಮುಖ್ಯ ಪ್ರೋಟೀನುಗಳಲ್ಲಿ ಇದೂ ಸೇರಿದ್ದಿತು.

ಗಾಯವಾದಾಗಿನ ನಡವಳಿಕೆ ಇನ್ನೂ ಸ್ವಾರಸ್ಯವಾದುದು. ಜೊಲ್ಲಿನಲ್ಲಿಯೂ ಡುವೋಡಿನಮಿನ ಗ್ರಂಥಿಗಳಲ್ಲಿಯೂ ಉತ್ಪತ್ತಿಯಾಗಿ ಈ ಪ್ರೋಟೀನು ಕರುಳಿನ ಒಳಗೆ ಸದಾ ಹರಿಯುತ್ತಿರುತ್ತದೆ. ಅದನ್ನು ಹಿಡಿಯುವ ಗ್ರಾಹಕಗಳಾದರೋ ಬಹುಮಟ್ಟಿಗೆ ಕೋಶಗಳ ಹಿಂಬದಿಯಲ್ಲಿವೆ. ಪೊರೆ ಅಖಂಡವಾಗಿರುವಾಗ ಎರಡಕ್ಕೂ ಭೇಟಿಯಿಲ್ಲ. ಪೊರೆ ಹರಿದ ಕೂಡಲೆ ಪ್ರೋಟೀನು ಒಳನುಗ್ಗಿ ಗ್ರಾಹಕವನ್ನು ಮುಟ್ಟುತ್ತದೆ. ಆದ್ದರಿಂದ ಇದು ಕಾವಲಿನ ವಸ್ತುವೆಂದು ಪ್ಲೇಫೋರ್ಡ್ ಮತ್ತು ರೈಟ್ ಎಂಬವರು 1996ರಲ್ಲಿ ಊಹಿಸಿದರು. ಗಾಯದ ಅಂಚಿನ ಕೋಶಗಳು ಕೆಲವು ಗಂಟೆಗಳೊಳಗೆ ಜರುಗಿಬಂದು ಬಿರುಕನ್ನು ಮುಚ್ಚುತ್ತವೆ. ಹೊಸ ಕೋಶಗಳ ಹುಟ್ಟು ಆಮೇಲಿನದು. ಬಹುಕಾಲದ ಹುಣ್ಣಿದ್ದೆಡೆಯಲ್ಲಂತೂ ಪಕ್ಕದಲ್ಲಿ ಹೊಸ ಗ್ರಂಥಿಯೊಂದು ಮೊಳೆತು ಇದೇ ಪ್ರೋಟೀನನ್ನು ಸುರಿಸುತ್ತದೆ. ‘ವೃದ್ಧಿ’ ಎಂಬ ಒಂದು ಮಾತು ಈ ಕಾವಲನ್ನೂ ಜರುಗುವಿಕೆಯನ್ನೂ ಮುಚ್ಚಿಬಿಡುತ್ತದೆಂಬುದೇ ಎರಡನೆಯ ಆಕ್ಷೇಪ.

ಪರಿಭಾಷೆಯ ಪರೀಕ್ಷೆಯು ನಿಘಂಟಿನಲ್ಲಿ ಮುಗಿಯುವುದಿಲ್ಲ. ಅದನ್ನು ಆಡುವ ಬಾಯಲ್ಲಿ ಮುಗಿಯುತ್ತದೆ. ಮೈಸೂರು ಜಿಲ್ಲೆಯ ಪಶ್ಚಿಮಭಾಗದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಕಡೆಯ ಮಾತನ್ನು ಒರೆಗಲ್ಲಾಗಿ ತೆಗೆದುಕೊಳ್ಳಬಹುದು. ಕಾವೇರಿಯ ನಾಲೆಯ ಬತ್ತ, ಹೊಗೆಸೊಪ್ಪಿನ ಹೊಲ, ನಾಗರಹೊಳೆಯ ಕಾಡಂಚು ಇವೆಲ್ಲ ಇಲ್ಲಿ ಒತ್ತಿನಲ್ಲಿವೆ. ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರ ನುಡಿಯೇ ಬೇರೆ. ‘ಹೊರಚರ್ಮವೃದ್ಧಿಕಾರಕ’ವೆಂಬ ಸಮಾಸವು ಇಲ್ಲಿ ಯಾರ ಕಿವಿಗೂ ಹೊಟ್ಟೆಯೊಳಗಿನ ಸಂಗತಿಯನ್ನು ಹೇಳಲಾರದು. ‘ಕರುಳು’ ಎಂದರೆ ಸಾಕು, ಅಂಗವೂ ತಿಳಿಯುತ್ತದೆ, ಅಕ್ಕರೆಯೂ ತಿಳಿಯುತ್ತದೆ. ಕರುಳಿನ ಕುಡಿ, ಕರುಳು ಕಿತ್ತುಬರುವುದು ಎಂದು ನುಡಿಯುವ ಭಾಷೆಯು ಅಂಗರಚನೆಯನ್ನೂ ತಾಯ್ತನವನ್ನೂ ಒಂದೇ ಶಬ್ದದಲ್ಲಿ ಕಟ್ಟಿದೆ.

ಈ ಕಟ್ಟು ಕೇವಲ ಕಾವ್ಯಾಲಂಕಾರವೆಂದು ತಳ್ಳಿಹಾಕತಕ್ಕದ್ದಲ್ಲ. ಬಾಣಂತಿಯ ಮೊದಲ ದಿನಗಳ ಹಾಲಿನಲ್ಲಿ ಈ ಪ್ರೋಟೀನು ಅತಿ ಹೆಚ್ಚಾಗಿದ್ದು ಬರಬರುತ್ತ ಇಳಿಯುತ್ತದೆ. ತಿಂಗಳು ತುಂಬುವ ಮೊದಲೇ ಹೆತ್ತವರ ಹಾಲಿನಲ್ಲಿ ಇನ್ನೂ ಅಧಿಕ. ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಬರುವ ಕರುಳು ಕೊಳೆಯುವ ರೋಗವು ಪುಡಿಹಾಲು ಕುಡಿಯುವವುಗಳಿಗಿಂತ ತಾಯಿಯ ಹಾಲು ಕುಡಿಯುವವುಗಳಲ್ಲಿ ಕಡಿಮೆ. ಅದಕ್ಕೆ ಕಾರಣವಾದ ಹಲವು ವಸ್ತುಗಳಲ್ಲಿ ಇದೂ ಒಂದೆಂದು ಎಣಿಸಲಾಗಿದೆ. ಹೀಗಿದ್ದೂ, ಹಸು ಕರು ಹಾಕಿದಾಗಿನ ಗಿಣ್ಣನ್ನು ಬೆಲ್ಲ ಬೆರೆಸಿ ಕಾಯಿಸಿ ನೆರೆಮನೆಗೂ ಹಂಚುವ ನಾಡಿನಲ್ಲಿ, ತಾಯಿಯ ಮೊದಲ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿ ಮಗುವಿಗೆ ಜೇನುತುಪ್ಪವನ್ನೋ ಸಕ್ಕರೆನೀರನ್ನೋ ನೆಕ್ಕಿಸುವ ರೂಢಿ ಬಹುಕಾಲ ನಡೆದುಬಂದಿತು. ಇಂದಿಗೂ ಪೂರ್ತಿಯಾಗಿ ಅಳಿದಿಲ್ಲ. ‘ಇದು ತಾಯಿಯ ಗಿಣ್ಣು, ಕೂಸಿನ ಕರುಳನ್ನು ಪೊರೆಯುವುದು’ ಎಂಬ ಮಾತು ಆಶಾ ಕಾರ್ಯಕರ್ತೆಯ ಬಾಯಲ್ಲಿ ನಿಲ್ಲುವಂತೆ ಮೇಲ್ಕಂಡ ಸಮಾಸವು ನಿಲ್ಲಲಾರದು. ಆದರೆ ಹೋಲಿಕೆಯನ್ನು ಎಳೆದಾಡಲೂ ಬಾರದು: ಹಸುವಿನ ಹಾಲಿನಲ್ಲಿ ಇದೇ ಮನೆತನದ ಬೇರೊಂದು ಪ್ರೋಟೀನೇ ಮುಖ್ಯವಾದುದರಿಂದ, ಗಿಣ್ಣು ತಿಂದರೆ ಹೊಟ್ಟೆಹುಣ್ಣು ಮಾಯುವುದೆಂದು ಹೇಳಿದರೆ ಅದು ಶಾಸ್ತ್ರವಾಗದು.

ಹಾಗಾದರೆ ಹೆಸರೇನು? ‘ಪೊರೆಚೋದಕ’ವೆಂಬುದು ವಿಚಾರಾರ್ಹ. ಕನ್ನಡದಲ್ಲಿ ಪೊರೆಯೆಂದರೆ ತೆಳುವಾದ ಹೊದಿಕೆ. ಪೊರೆಯೆಂದರೆ ಕಾಪಾಡು, ಸಾಕು ಎಂದೂ ಆಗುತ್ತದೆ. ಚರ್ಮ, ರೆಪ್ಪೆ, ಕರುಳಿನ ಒಳಮೈ ಮೂರೂ ಅದರಲ್ಲಿ ಅಡಗುತ್ತವೆ. ಹಳ್ಳಿಯಲ್ಲಿ ಪೊರೆಯೆಂದರೆ ಕಣ್ಣಿನ ಪೊರೆಯೇ ಮೊದಲು ನೆನಪಾಗುವುದೆಂಬ ಆಕ್ಷೇಪ ನಿಜವಾದುದು; ‘ಕರುಳಿನ ಒಳಪೊರೆ’ ಎಂದು ಬಿಡಿಸಿದಲ್ಲಿ ಅದು ತೀರುತ್ತದೆ. ‘ವೃದ್ಧಿ’ಯನ್ನು ಕೈಬಿಡುವುದಕ್ಕೆ ಬಲವಾದ ಕಾರಣವೂ ಉಂಟು. ಇದೇ ಗ್ರಾಹಕವು ಮಿತಿಮೀರಿ ದುಡಿದರೆ ಕ್ಯಾನ್ಸರಿಗೆ ಒತ್ತಾಸೆಯಾಗುತ್ತದೆ. ಅದನ್ನು ತಡೆಯುವ ಜೆಫಿಟಿನಿಬ್ ಮೊದಲಾದ ಔಷಧಗಳನ್ನು ಸೇವಿಸುವವರಲ್ಲಿ ಚರ್ಮದ ಮೇಲೆ ಗುಳ್ಳೆ, ಹೊಟ್ಟೆಯಲ್ಲಿ ಭೇದಿ ಕಾಣಿಸಿಕೊಳ್ಳುವುದು ಸಾಮಾನ್ಯ. 2003ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ದೊಡ್ಡ ಕರುಳಿನ ಹುಣ್ಣಿನ 24 ರೋಗಿಗಳ ಪೈಕಿ, ಈ ಪ್ರೋಟೀನನ್ನು ಗುದದ್ವಾರದಿಂದ ಕೊಟ್ಟ 12 ಮಂದಿಯಲ್ಲಿ 10 ಮಂದಿಗೆ ಎರಡು ವಾರದಲ್ಲಿ ರೋಗ ಶಮನವಾಯಿತು. ಉಳಿದ 12ರಲ್ಲಿ ಒಬ್ಬರಿಗೆ ಮಾತ್ರ. ಆದರೂ ಅದು ರೂಢಿಯ ಚಿಕಿತ್ಸೆಯಾಗಲಿಲ್ಲ. ಪರೀಕ್ಷೆ ಚಿಕ್ಕದು, ಬೆಳೆಸುವ ವಸ್ತುವು ಗೆಡ್ಡೆಯನ್ನೂ ಬೆಳೆಸೀತೆಂಬ ಅಂಜಿಕೆ ದೊಡ್ಡದು. ಚೋದಕವೆಂದರೆ ಎಬ್ಬಿಸುವುದು, ಎದ್ದದ್ದು ಒಳಿತೋ ಕೆಡುಕೋ ಎಂಬುದನ್ನು ಆ ಪದ ಮುಂದಾಗಿ ಹೇಳಿಬಿಡುವುದಿಲ್ಲ. ಗ್ರಾಹಕಕ್ಕೆ ‘ಪೊರೆಚೋದಕಗ್ರಾಹಕ’ವೆಂದು ಹೆಣೆಯಲು ಹೊರಟರೆ ಮಾತ್ರ ಹಳೆಯ ಸಮಾಸದ ಭಾರವೇ ಮರಳಿ ಬರುತ್ತದೆ; ಅಲ್ಲಿ ವಾಕ್ಯದಲ್ಲಿಯೇ ಬಿಡಿಸಿ ಹೇಳುವುದು ಲೇಸು.