ಚಾರ್ಲಿಯ ಹಿಮ, ಜಾನಕಿಯ ಕಾರು

ಖರಾಡಿಯ ನಮ್ಮ ಫ್ಲ್ಯಾಟಿನಲ್ಲಿ ಮೂವರಿದ್ದೇವೆ. ಒಬ್ಬ ಶಿರಸಿಯವನು, ಇನ್ನೊಬ್ಬ ರಾಯಚೂರಿನವನು, ನಾನು ವಿಜಯಪುರದವನು. 2020ರ ಮಾರ್ಚಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಒಳಗೆ ಕೂತವರು ಎಲ್ಲರಂತೆ ನಾವೂ. ಆದರೆ 2022ರಲ್ಲಿ ಆಫೀಸು ವಾಪಸ್ ಕರೆದಾಗ ಶಿರಸಿಯವನಿಗೆ ಹೊರಡಲಾಗಲಿಲ್ಲ. ಶೂ ಹಾಕಿಕೊಂಡು ಲಿಫ್ಟಿನ ಮುಂದೆ ನಿಂತವನು ಬೆವರಿ, ಉಸಿರು ಸಿಗದೆ ಒಳಗೆ ಬಂದುಬಿಟ್ಟ. ಹಾಲು, ತರಕಾರಿ, ಮಾತ್ರೆ ಎಲ್ಲವೂ ಬಾಗಿಲಿಗೆ ಬರುವ ಊರಿನಲ್ಲಿ ಮನೆಯಿಂದ ಹೊರಗೆ ಹೋಗದೆಯೂ ವರ್ಷ ಕಳೆಯಬಹುದು, ಯಾರಿಗೂ ಗೊತ್ತಾಗುವುದಿಲ್ಲ. ರಾಯಚೂರಿನವನು ಎರಡನೇ ಅಲೆಯಲ್ಲಿ ಅಪ್ಪನನ್ನು ಕಳೆದುಕೊಂಡ. ಆಮೇಲೆ ರಾತ್ರಿ ಫೋನ್ ರಿಂಗಾದರೆ ಅವನ ಕೈ ನಡುಗುತ್ತಿತ್ತು. ನನ್ನದು ಸಣ್ಣ ಭಯ, ಹೇಳಲು ನಾಚಿಕೆ: ಹೆದ್ದಾರಿಯಲ್ಲಿ ಕಾರು ಓಡಿಸುವುದು.

ಇಂಥ ಮನೆಯಲ್ಲಿ ನೋಡಿದ ಎರಡು ಸಿನಿಮಾಗಳ ಬಗ್ಗೆ ಬರೆಯುತ್ತಿದ್ದೇನೆ. ಎರಡರಲ್ಲೂ ಮುದುಡಿಕೊಂಡ ಒಬ್ಬ ಮನುಷ್ಯ ದಾರಿಗೆ ಬೀಳುತ್ತಾನೆ. ಎರಡಕ್ಕೂ ರಾಷ್ಟ್ರಪ್ರಶಸ್ತಿ ಬಂದಿದೆ. ಒಂದನ್ನು ನೋಡಿ ನಾವು ಹೊರಟು ಅರ್ಧ ದಾರಿಯಲ್ಲಿ ವಾಪಸ್ ಬಂದೆವು. ಇನ್ನೊಂದನ್ನು ನೋಡಿ ಹೊರಟವರು ಊರು ಮುಟ್ಟಿದೆವು. ಈ ವ್ಯತ್ಯಾಸ ಯಾಕೆ ಎಂಬುದೇ ನನ್ನ ಪ್ರಶ್ನೆ.

ಮೊದಲನೆಯದು '777 ಚಾರ್ಲಿ'. ಕಾಸರಗೋಡಿನ ಕಿರಣ್‌ರಾಜ್ ಕೆ. ನಿರ್ದೇಶಿಸಿದ್ದು, 2022ರ ಜೂನ್ 10ರಂದು ಬಿಡುಗಡೆಯಾಗಿದ್ದು. ರಕ್ಷಿತ್ ಶೆಟ್ಟಿಯ ಧರ್ಮ ಬಾಲ್ಯದಲ್ಲಿ ಅಪಘಾತದಲ್ಲಿ ಮನೆಯವರನ್ನು ಕಳೆದುಕೊಂಡವನು. ಫ್ಯಾಕ್ಟರಿ, ಮನೆ, ಇಡ್ಲಿ, ಬಿಯರು, ಟೀವಿಯಲ್ಲಿ ಚಾರ್ಲಿ ಚಾಪ್ಲಿನ್: ಅವನ ದಿನಚರಿ ಇಷ್ಟೇ. ಈ ಭಾಗವನ್ನು ನಾವು ಮೂವರೂ ಉಸಿರು ಬಿಗಿಹಿಡಿದು ನೋಡಿದೆವು. ಕನ್ನಡ ಸಿನಿಮಾದಲ್ಲಿ ಒಂಟಿತನ ಎಂದರೆ ಸಾಮಾನ್ಯವಾಗಿ ಪ್ರೇಮಭಂಗ, ಗಡ್ಡ, ಬಾಟಲಿ, ಒಂದು ಹಾಡು. ಇಲ್ಲಿ ಒಂಟಿತನವೆಂದರೆ ಅಭ್ಯಾಸ. ಗುಡಿಸದ ನೆಲ, ಪಕ್ಕದ ಮನೆಯವರ ಮುಖ ನೋಡದ ನಡಿಗೆ. 'ನಮ್ಮ ಮನೇನ ಯಾರೋ ಶೂಟಿಂಗ್ ಮಾಡ್ಯಾರಲೇ' ಎಂದ ರಾಯಚೂರಿನವನು.

ಆಮೇಲೆ ನಾಯಿ ಬರುತ್ತದೆ. ಅಕ್ರಮ ತಳಿ ಸಾಕಣೆಯ ಜಾಗದಿಂದ ತಪ್ಪಿಸಿಕೊಂಡ ಚಾರ್ಲಿಗೆ ಕ್ಯಾನ್ಸರ್ ಇರುವುದು ಗೊತ್ತಾಗುತ್ತದೆ. ಅದಕ್ಕೆ ಹಿಮ ಇಷ್ಟವೆಂದು ಧರ್ಮ ಸೈಡ್‌ಕಾರ್ ಜೋಡಿಸಿದ ಬೈಕಿನಲ್ಲಿ ಅದನ್ನು ಕೂರಿಸಿಕೊಂಡು ಉತ್ತರಕ್ಕೆ ಹೊರಡುತ್ತಾನೆ. ನಾವು ಅತ್ತೆವು, ಸುಳ್ಳು ಹೇಳುವುದಿಲ್ಲ. ಅತ್ತ ಹುಮ್ಮಸ್ಸಿನಲ್ಲೇ 'ನಾವೂ ಹೊರಡೋಣ' ಎಂದೆವು. ಹಿಮ ದೂರವಾಯಿತು, ಮಹಾಬಳೇಶ್ವರ ಸಾಕು ಎಂದಾಯಿತು. ಕಾತ್ರಜ್ ಸುರಂಗದೊಳಗೆ ಶಿರಸಿಯವನು 'ಗಾಡಿ ನಿಲ್ಸು' ಎಂದು ಕೂಗಿದ. ಸುರಂಗದಲ್ಲಿ ನಿಲ್ಲಿಸುವುದೆಲ್ಲಿ? ನನ್ನ ಕೈಯೂ ಸ್ಟೇರಿಂಗಿನ ಮೇಲೆ ಮರಗಟ್ಟಿತ್ತು. ಹೊರಗೆ ಬಂದ ಮೇಲೆ ನಾವಿಬ್ಬರೂ ಅವನಿಗೆ ಹೇಳಿದ್ದು ಒಂದೇ ಮಾತು: 'ಇನ್ನು ಸ್ವಲ್ಪ ದೂರ, ಧೈರ್ಯ ತಗೋ.' ಅವನು ತಗೊಳ್ಳಲಿಲ್ಲ. ವಾಪಸ್ ಬಂದೆವು. ಆಮೇಲೆ ಮೂರು ವಾರ ಅವನು ಬಾಲ್ಕನಿಗೂ ಬರಲಿಲ್ಲ.

ಇದು ಸಿನಿಮಾದ ತಪ್ಪಲ್ಲ, ನಿಜ. ಆದರೂ ನಾವು ಹೇಳಿದ ಆ ಮಾತು ಆ ಸಿನಿಮಾದ್ದೇ ಎಂದು ಈಗ ಅನ್ನಿಸುತ್ತದೆ. '777 ಚಾರ್ಲಿ'ಯ ದಾರಿಗೆ ಗುರಿ ಇದೆ, ಗಡುವೂ ಇದೆ. ದಾರಿಯಲ್ಲಿ ಸಿಗುವ ಪ್ರತಿಯೊಬ್ಬರೂ ಧರ್ಮನಿಗೆ ಒಂದು ಪಾಠವನ್ನೋ ಒಂದು ಸಹಾಯವನ್ನೋ ಕೊಟ್ಟು ಹೋಗುತ್ತಾರೆ. ದೂರ ಹೆಚ್ಚಿದಷ್ಟೂ ಮನಸ್ಸು ಹಗುರವಾಗುತ್ತದೆ, ಹಿಮ ಕಂಡಾಗ ಲೆಕ್ಕ ಪೂರ್ತಿ. ಇನ್ನೊಂದು ತೊಡಕು ದೊಡ್ಡದು: ಒಬ್ಬ ಮನುಷ್ಯ ಬದುಕಿಗೆ ಮರಳಲು ಇನ್ನೊಂದು ಜೀವ ಸಾಯಬೇಕಾಗುತ್ತದೆ. ಧರ್ಮನ ಹಳೆಯ ದುಃಖ ಹೊಸ ದುಃಖದಲ್ಲಿ ಕರಗುತ್ತದೆಯೇ ಹೊರತು ಅದರೊಂದಿಗೆ ಅವನು ಮುಖಾಮುಖಿ ಕೂರುವುದು ಕಡಿಮೆ. ಪ್ರೇಕ್ಷಕನ ಕಣ್ಣೀರಿಗೆ ಇದು ಒಳ್ಳೆಯ ದಾರಿ. ಲಿಫ್ಟಿನ ಮುಂದೆ ನಿಂತವನಿಗೆ ಅಷ್ಟು ಒಳ್ಳೆಯದಲ್ಲ.

ಎರಡನೆಯ ಸಿನಿಮಾ ನಮ್ಮ ಪುಣೆಯದೇ, ಮರಾಠಿಯ 'ಕಾಸವ್'. ಎಂದರೆ ಆಮೆ. ಸುಮಿತ್ರಾ ಭಾವೆ ಮತ್ತು ಸುನೀಲ್ ಸುಕಥನಕರ್ ಜೋಡಿ ನಿರ್ದೇಶಿಸಿದ್ದು. 2017ರ ಏಪ್ರಿಲಿನಲ್ಲಿ ಘೋಷಣೆಯಾದ 64ನೇ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಇದಕ್ಕೆ ಬಂತು. ಸುಮಿತ್ರಾ ಭಾವೆ ಇಲ್ಲಿನ ಕರ್ವೆ ಸಮಾಜಸೇವಾ ಸಂಸ್ಥೆಯಲ್ಲಿ ಪಾಠ ಮಾಡಿದವರು, ಸಿನಿಮಾಕ್ಕೆ ತಡವಾಗಿ ಬಂದವರು. ಸ್ಕಿಜೋಫ್ರೇನಿಯಾ ಕುರಿತು 'ದೇವರಾಯಿ', ಮರೆವಿನ ಕಾಯಿಲೆ ಕುರಿತು 'ಅಸ್ತು' ಇದೇ ಜೋಡಿಯವು. 2021ರ ಏಪ್ರಿಲಿನಲ್ಲಿ ಅವರು ತೀರಿಕೊಂಡಾಗ ನಾವು ಅದೇ ಊರಿನಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದೆವು, ಹೆಸರು ಕೂಡ ಕೇಳಿರಲಿಲ್ಲ. ವಲಸಿಗರ ಪಾಡು ಇದು. ಹತ್ತು ವರ್ಷ ಇದ್ದರೂ ಊರಿನ ಬಾಡಿಗೆ ಗೊತ್ತಿರುತ್ತದೆ, ಊರಿನ ಮನಸ್ಸು ಗೊತ್ತಿರುವುದಿಲ್ಲ.

ಕಥೆ ಸಣ್ಣದು. ಜೀವ ಕಳೆದುಕೊಳ್ಳಲು ಹೋಗಿ ಬದುಕುಳಿದ ಯುವಕ ನಿಶ್ (ಆಲೋಕ್ ರಾಜವಾಡೆ) ಆಸ್ಪತ್ರೆಯಿಂದ ಓಡಿಹೋಗುತ್ತಾನೆ. ಜ್ವರದಲ್ಲಿ ಬಿದ್ದವನನ್ನು ಕೊಂಕಣಕ್ಕೆ ಹೊರಟಿದ್ದ ಜಾನಕಿ (ಇರಾವತಿ ಹರ್ಷೆ) ಕಾರಿಗೆ ಹತ್ತಿಸಿಕೊಳ್ಳುತ್ತಾಳೆ. ಜಾನಕಿಯೂ ಅದೇ ಕತ್ತಲೆಯನ್ನು ದಾಟುತ್ತಿರುವವಳು. ಕಡಲತೀರದಲ್ಲಿ ಆಮೆಗಳ ರಕ್ಷಣೆಯ ಕೆಲಸ ನಡೆಯುತ್ತಿರುತ್ತದೆ. ಅಲ್ಲಿ ದತ್ತಭಾವು ಆಗಿ ಮೋಹನ್ ಆಗಾಶೆ ಇದ್ದಾರೆ. ಚಿತ್ರದ ನಿರ್ಮಾಪಕರೂ ಅವರೇ, ನಿಜಜೀವನದಲ್ಲಿ ಮನೋವೈದ್ಯರು.

ಜಾನಕಿ ಅವನನ್ನು ಏನೂ ಕೇಳುವುದಿಲ್ಲ. ಯಾರು, ಯಾವೂರು, ಯಾಕೆ ಹೀಗೆ, ಒಂದೂ ಇಲ್ಲ. ಚಿತ್ರದ ಜೀವ ಇರುವುದು ಇಲ್ಲಿ. ನಮ್ಮಲ್ಲಿ ಪ್ರೀತಿ ಎಂದರೆ ವಿಚಾರಣೆ. 'ಯಾಕಪ್ಪಾ ಸೊರಗೀಯಲ್ಲ, ಏನಾಗೇತಿ ಹೇಳು' ಎಂದು ಅವ್ವ ಕೇಳಿದಾಗ ನಾವು ಫೋನ್ ಇಟ್ಟುಬಿಡುತ್ತೇವೆ. ಕೇಳಿದ್ದು ತಪ್ಪೆಂದಲ್ಲ, ಕೊಡಲು ಉತ್ತರ ಇಲ್ಲವೆಂದು. 'ಕಾಸವ್'ನಲ್ಲಿ ಉತ್ತರ ಕೊಡಬೇಕಾದ ಸಾಲ ಯಾರ ಮೇಲೂ ಇಲ್ಲ. ಅನ್ನ ಇದೆ, ಕೋಣೆ ಇದೆ, ಬಾಗಿಲು ಹಾಕಿಕೊಳ್ಳುವ ಹಕ್ಕೂ ಇದೆ. ಕಾರಿನ ಪಯಣ ಬೇಗ ಮುಗಿಯುತ್ತದೆ, ಉಳಿದದ್ದೆಲ್ಲ ಒಂದು ಕಡೆ ಇರುವುದರ ಕಥೆ. ಧರ್ಮನ ದಾರಿ ಅವನನ್ನು ಗುಣಪಡಿಸುತ್ತದೆ. ನಿಶ್‌ನ ದಾರಿ ಅವನನ್ನು, ಗುಣವಾಗಲು ಅವಸರ ಮಾಡದ ಒಂದು ಜಾಗಕ್ಕೆ ತಲುಪಿಸುತ್ತದೆ, ಅಷ್ಟೇ.

ಹೋಲಿಕೆಗೆ ನಮ್ಮ ಅವ್ವಂದಿರ ಕಾಲದ 'ಶರಪಂಜರ' ನೆನಪಿಗೆ ಬರುತ್ತದೆ. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರ 1972ರ ಚಿತ್ರ. ಕಲ್ಪನಾರ ಕಾವೇರಿಗೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗುತ್ತದೆ, ಗುಣವೂ ಆಗುತ್ತದೆ. ವಾಪಸ್ ಬಂದ ಮನೆ ಮಾತ್ರ ಅವಳನ್ನು ಸೇರಿಸಿಕೊಳ್ಳುವುದಿಲ್ಲ, ಕೊನೆಗೆ ಅವಳು ಮತ್ತೆ ಆಸ್ಪತ್ರೆಗೇ. ಪಯಣದಲ್ಲಿ ಗುಣವಾಗುವ ಕಥೆಗಳು ಈ ಪ್ರಶ್ನೆಯನ್ನು ಸುಲಭವಾಗಿ ದಾಟಿಬಿಡುತ್ತವೆ. ಹೋದವನು ಮರಳಿ ಬಂದಾಗ ಅದೇ ಮನೆ, ಅದೇ ಲಿಫ್ಟು, ಅದೇ ಮಾತು ಕಾಯುತ್ತಿರುತ್ತವಲ್ಲ? ಐವತ್ತು ವರ್ಷ ಹಿಂದೆಯೇ ಪುಟ್ಟಣ್ಣ ಆ ಪ್ರಶ್ನೆ ಎತ್ತಿದ್ದರು. '777 ಚಾರ್ಲಿ'ಯೂ 'ಕಾಸವ್' ಕೂಡ ಅದನ್ನು ಪೂರ್ತಿ ಎದುರಿಸುವುದಿಲ್ಲ.

'ಕಾಸವ್' ಬಗ್ಗೆ ಇನ್ನೂ ಎರಡು ತಕರಾರಿವೆ. ಒಂದು, ಕಡಲ ಪಕ್ಕ ಮನೆ, ಕಾರು, ಚಾಲಕ, ಬಿಡುವು ಇದ್ದವರಿಗೆ ಪ್ರಶ್ನೆ ಕೇಳದಿರುವುದು ಸುಲಭ. ಬಾಡಿಗೆ ಮೂರು ಪಾಲು ಹಾಕಿಕೊಂಡ ಮನೆಯಲ್ಲಿ ಒಬ್ಬನ ಕೆಲಸ ಹೋದರೆ ಇನ್ನಿಬ್ಬರು ಕೇಳಲೇಬೇಕಾಗುತ್ತದೆ. ಎರಡನೆಯದು ಆಮೆಯ ರೂಪಕ. ಭಯವಾದಾಗ ಚಿಪ್ಪಿನೊಳಗೆ ಸೇರುವ ಆಮೆ ಎಂದರೆ ನಮಗೆ ತಟ್ಟನೆ ಅರ್ಥವಾಗುತ್ತದೆ. ಗೀತೆಯ ಎರಡನೇ ಅಧ್ಯಾಯದ ಸ್ಥಿತಪ್ರಜ್ಞನಿಗೂ ಅದೇ ಹೋಲಿಕೆ. ಆದರೆ ಕೊಂಕಣದ ತೀರಕ್ಕೆ ಮೊಟ್ಟೆಯಿಡಲು ಬರುವುದು ಆಲಿವ್ ರಿಡ್ಲಿ ಎಂಬ ಕಡಲಾಮೆ. ಕಡಲಾಮೆಗೆ ತಲೆಯನ್ನೂ ಕಾಲನ್ನೂ ಚಿಪ್ಪಿನೊಳಗೆ ಎಳೆದುಕೊಳ್ಳಲು ಬರುವುದೇ ಇಲ್ಲ. ಇದು ನನಗೆ ತಿಳಿದದ್ದು ವೇಳಾಸ್‌ನಲ್ಲಿ, ಮೂರು ದಿನದ ನಮ್ಮ ಎರಡನೆಯ ಪಯಣದಲ್ಲಿ.

ವೇಳಾಸ್ ರತ್ನಾಗಿರಿ ಜಿಲ್ಲೆಯ ಸಣ್ಣ ಹಳ್ಳಿ, ನಾನಾ ಫಡ್ನವೀಸರ ಮೂಲ ಊರು. ರಂಗದ ಮೇಲೆ ಆ ನಾನಾನ ಪಾತ್ರದಿಂದಲೇ ಆಗಾಶೆ ಹೆಸರಾದದ್ದು, 'ಘಾಶೀರಾಮ್ ಕೋತವಾಲ್'ನಲ್ಲಿ. ಚಿಪಳೂಣದ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆ ಇಲ್ಲಿ 2002ರಲ್ಲಿ ಊರವರ ಜೊತೆ ಸೇರಿ ಆಮೆಗಳನ್ನು ಕಾಯುವ ಕೆಲಸ ಶುರುಮಾಡಿತು. ಅದಕ್ಕೂ ಮೊದಲು ಮೊಟ್ಟೆಗಳು ಕಳ್ಳರ ಪಾಲು, ನಾಯಿ ನರಿಗಳ ಪಾಲು ಆಗುತ್ತಿದ್ದವು. ಈಗ ಮೊಟ್ಟೆಗಳನ್ನು ಬೇಲಿಯೊಳಗೆ ಮರಳಲ್ಲಿ ಹೂತು, ಮರಿ ಬರುವ ಕಾಲಕ್ಕೆ ಮೇಲೆ ಬುಟ್ಟಿ ಬೋರಲು ಹಾಕುತ್ತಾರೆ. ಬೆಳಿಗ್ಗೆ ಸಂಜೆ ಬುಟ್ಟಿ ಎತ್ತಿ ನೋಡಿ, ಮರಿ ಬಂದಿದ್ದರೆ ಕಡಲಿಗೆ ಬಿಡುತ್ತಾರೆ. ನೋಡಲು ಬಂದವರು ಹಗ್ಗದಾಚೆ ನಿಲ್ಲಬೇಕು.

2023ರ ಮಾರ್ಚಿನಲ್ಲಿ ಹೋದೆವು. ಅಷ್ಟರಲ್ಲಿ ಶಿರಸಿಯವನು ವೈದ್ಯರ ಜೊತೆ ವಿಡಿಯೊದಲ್ಲಿ ಮಾತಾಡಿ ಔಷಧಿ ಶುರುಮಾಡಿದ್ದ. ಅದನ್ನು ಬಿಟ್ಟು ಬರೀ ಪ್ರವಾಸದ ಕಥೆ ಹೇಳಿದರೆ ನಾನೂ ಸಿನಿಮಾ ಮಾಡಿದಂತೆ. ಈ ಸಲ ನಮ್ಮ ನಿಯಮ ಎರಡೇ: ಅವನು ನಿಲ್ಲಿಸು ಎಂದಲ್ಲಿ ನಿಲ್ಲಿಸುವುದು, ಧೈರ್ಯ ಹೇಳದಿರುವುದು. ತಾಮ್ಹಿಣಿ ಘಾಟಿನಲ್ಲಿ ಒಂದು ಗಂಟೆ ನಿಂತೆವು. ಮಾಣಗಾಂವ್ ದಾಟಿ ಇನ್ನೊಂದು ಸಲ, ಮಂಡಣಗಡದ ಹತ್ತಿರ ಇನ್ನೊಂದು. ನಿಲ್ಲಿಸಬಹುದೆಂದು ಗೊತ್ತಾದ ಮೇಲೆ ನನ್ನ ಕೈಯೂ ಸಡಿಲವಾಯಿತು. ತಲುಪುವಾಗ ಕತ್ತಲಾಗಿತ್ತು.

ಮರುದಿನ ಬೆಳಿಗ್ಗೆ ನಾವಿಬ್ಬರೇ ಕಡಲಿಗೆ ಹೋದೆವು, ಅವನು ಉಳಿದುಕೊಂಡ ಮನೆಯ ಜಗಲಿಯಲ್ಲೇ ಕೂತ. ಆ ಮನೆಯ ಆಯಿ ಅವನಿಗೆ ಚಹಾ ಕೊಟ್ಟು ತನ್ನ ಕೆಲಸಕ್ಕೆ ಹೋದಳು, ಯಾಕೆ ಹೋಗಲಿಲ್ಲ ಎಂದು ಕೇಳಲಿಲ್ಲ. ಸಂಜೆ ಅವನೇ ಎದ್ದು ಬಂದ. ಬುಟ್ಟಿ ಎತ್ತಿದರು. ಒಂದರಲ್ಲೂ ಮರಿ ಇರಲಿಲ್ಲ. ಜನ ಬೇಸರದಿಂದ ಚದುರಿದರು. ಅವನು ಹಗ್ಗದ ಹತ್ತಿರವೇ ನಿಂತು ಅಲ್ಲಿದ್ದ ಕಾವಲಿನವರ ಹತ್ತಿರ ಮುರುಕು ಮರಾಠಿಯಲ್ಲಿ ಆಮೆಯ ಚಿಪ್ಪಿನ ವಿಷಯ ಕೇಳುತ್ತಿದ್ದ. ಬಂದು ನಮಗೆ ಹೇಳಿದ: 'ಇದ್ಕೆ ಒಳಗೆ ಸೇರ್ಕೊಳೋಕೆ ಬರೋದೇ ಇಲ್ವಂತೆ ಮಾರಾಯ. ಹೊರಗೆ ಬೇಲಿ ಹಾಕೋರು ಬೇಕಂತೆ.'

'ಕಾಸವ್' ತನಗೇ ಗೊತ್ತಿಲ್ಲದೆ ಹೇಳಿದ ಸತ್ಯ ಇದು ಎಂದು ನಾನು ಓದುತ್ತೇನೆ. ನಿಶ್ ಚಿಪ್ಪಿನೊಳಗೆ ಹೋದವನಲ್ಲ, ಚಿಪ್ಪು ಸಾಲದೆ ಬಂದವನು. ಅವನ ಸುತ್ತ ಜಾನಕಿ ಬೇಲಿ ಹಾಕಿದಳು, ಬುಟ್ಟಿಯನ್ನು ಹೊತ್ತಿಗೆ ಮೊದಲೇ ಎತ್ತಲಿಲ್ಲ. '777 ಚಾರ್ಲಿ' ಕೊಡುವ ಕಣ್ಣೀರನ್ನು ನಾನು ಹಗುರ ಮಾಡುವುದಿಲ್ಲ. ನಮ್ಮನ್ನು ಸೋಫಾದಿಂದ ಎಬ್ಬಿಸಿದ್ದು ಅದೇ. ಆದರೆ ಗೆಳೆಯನೊಬ್ಬ ಬಾಗಿಲ ಹಿಂದೆ ಕೂತಿದ್ದರೆ, ಅವನಿಗೆ ತೋರಿಸುವ ಮೊದಲು ನೀವು ನೋಡಬೇಕಾದ ಸಿನಿಮಾ 'ಕಾಸವ್'. ಮಾತಾಡಲು ಯಾರೂ ಸಿಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೂ ಮಾತಾಡಬಹುದು.

ಶಿರಸಿಯವನು ಈಗ ವಾರಕ್ಕೆ ಎರಡು ದಿನ ಆಫೀಸಿಗೆ ಹೋಗುತ್ತಾನೆ. ಉಳಿದ ದಿನ ಹೋಗುವುದಿಲ್ಲ. ನಾವು ಕೇಳುವುದಿಲ್ಲ.